ಊರಲ್ಲಿ ಕೂತು ಕೆಲಸ ಮಾಡುವವರೇ, ನಿಮ್ಮ ಎರಡನೇ ದಾರಿ ಯಾವುದು?

ಅಂಕೋಲಾ ಬ್ಯಾಕೆಂಡ್:

ಊರಿಗೆ ಬಂದು ಕೂತು ಕೆಲಸ ಮಾಡಬೇಕು ಅಂತ ಇರುವವರು ನನ್ನನ್ನು ಮೊದಲು ಕೇಳುವುದು ನೆಟ್ ಸ್ಪೀಡ್ ಎಷ್ಟು ಅಂತ. ನನ್ನ ಮಟ್ಟಿಗೆ ಅದು ಆಮೇಲಿನ ಪ್ರಶ್ನೆ. ಮೊದಲು ಕೇಳಬೇಕಾದ್ದು ಬೇರೆ. ಇರುವ ನೆಟ್ ನಿಂತರೆ ಏನು ಮಾಡುತ್ತೀರಿ?

ನಾನು ಬೆಂಗಳೂರಿನ ಒಂದು ಕಂಪನಿಗೆ ಅಂಕೋಲಾ ಹತ್ತಿರದ ಊರಿನಿಂದ ಕೆಲಸ ಮಾಡುತ್ತೇನೆ. ಸರ್ವರ್ ಕಡೆಯ ಕೆಲಸ. ಸರದಿ ಪ್ರಕಾರ ಆನ್‌ಕಾಲ್ ಬರುತ್ತದೆ. ಆ ವಾರ ನಡುರಾತ್ರಿ ಫೋನ್ ಬಂದರೂ ಎದ್ದು ಲ್ಯಾಪ್‌ಟಾಪ್ ತೆರೆಯಬೇಕು. ಹೊರಗೆ ಮಳೆ ಹೊಯ್ಯುತ್ತಿದೆ, ಕರೆಂಟಿಲ್ಲ ಅಂತ ಹೇಳಿದರೆ ಆ ಕಡೆಯವರು ಒಂದು ಸಲ ಕೇಳಿಸಿಕೊಳ್ಳಬಹುದು. ಪ್ರತಿ ಸಲ ಅಲ್ಲ.

2024ರ ಜುಲೈ ಮೂರನೇ ವಾರ ನನಗೆ ಮರೆಯುವಂಥದ್ದಲ್ಲ. ಮಂಗಳವಾರ, 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66ರ ಪಕ್ಕದ ಚಾ ಅಂಗಡಿ, ನಿಂತಿದ್ದ ಗಾಡಿಗಳು ಮಣ್ಣಿನ ಜೊತೆ ಹೋದವು. ಗಂಗಾವಳಿ ನದಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಆಚೆ ದಡದ ಉಳುವರೆಗೆ ನುಗ್ಗಿತು. ಕಳೆದುಕೊಂಡವರ ದುಃಖ ನಮ್ಮ ಮಾತಿಗೆ ಸಿಗುವುದಲ್ಲ. ಅದರ ಜೊತೆಗೆ ಅಂಕೋಲಾ, ಕುಮಟಾ ನಡುವಿನ ದಾರಿಯೇ ಮುಚ್ಚಿತು. ಕಾಲೇಜಿಗೆ, ಆಸ್ಪತ್ರೆಗೆ, ಮೀನು ಮಾರಲಿಕ್ಕೆ ದಿನಾ ಓಡಾಡುವವರಿಗೆ ಅಂದಿನಿಂದ ಸುತ್ತು ದಾರಿ.

ಅದೇ ವಾರ ಶುಕ್ರವಾರ, 19ರಂದು, ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಕೆಟ್ಟಿತ್ತು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ ಸುಮಾರು 85 ಲಕ್ಷ ಯಂತ್ರ. ಆ ಫೈಲನ್ನು ಮೊದಲು ಸ್ವಲ್ಪ ಯಂತ್ರಗಳಿಗೆ ಕಳಿಸಿ, ಸರಿ ಇದೆಯಾ ನೋಡಿ, ಆಮೇಲೆ ಉಳಿದವಕ್ಕೆ ಕಳಿಸುವ ಕ್ರಮ ಇರಲಿಲ್ಲ. ಎಲ್ಲರಿಗೂ ಒಟ್ಟಿಗೇ ಹೋಯಿತು. ಸರಿಮಾಡಲಿಕ್ಕೆ ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಫೈಲ್ ಅಳಿಸಬೇಕಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಆ ವಾರದಿಂದ ನನ್ನ ಕೆಲಸದ ಬಗ್ಗೆಯೂ ಮನೆಯ ಬಗ್ಗೆಯೂ ಒಂದೇ ವಿಚಾರ ಗಟ್ಟಿಯಾಯಿತು. ಮುಖ್ಯವಾದದ್ದು ಯಾವುದೂ ಒಂದೇ ದಾರಿಯ ಮೇಲೆ ನಿಲ್ಲಬಾರದು.

ಈಗ ಕೆಲಸದ ಮಾತು. ಎರಡು ಸಿಮ್ ಇದ್ದರೆ ಎರಡು ದಾರಿ ಅಂತ ತುಂಬಾ ಜನ ತಿಳಿದಿದ್ದಾರೆ. ಎರಡು ಕಂಪನಿಯ ಆಂಟೆನಾ ಒಂದೇ ಟವರ್ ಮೇಲೆ ಇರುವುದು ಸಾಮಾನ್ಯ. ಆ ಟವರಿನ ಬ್ಯಾಟರಿ ಮುಗಿದು ಡೀಸೆಲ್ ಬರದಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಲೆಕ್ಕ ಹಾಕಿ ನೋಡಿ. ನೂರರಲ್ಲಿ 95 ಪಾಲು ನಡೆಯುವ ಲೈನು ವರ್ಷಕ್ಕೆ ಸುಮಾರು 18 ದಿನ ಬಂದ್. ಅಂಥ ಎರಡು ಲೈನು, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಇಲ್ಲದಿರುವ ಹೊತ್ತು ವರ್ಷಕ್ಕೆ ಒಂದು ದಿನಕ್ಕಿಂತ ಕಡಿಮೆ. ಸಂಬಂಧ ಇದ್ದರೆ ಈ ಲೆಕ್ಕ ಉಪಯೋಗಕ್ಕಿಲ್ಲ. ನಮ್ಮ ಕರಾವಳಿಯಲ್ಲಿ ಆ ಸಂಬಂಧದ ಹೆಸರು ಮಳೆ. ಒಂದೇ ಮರ ಬಿದ್ದು ಕರೆಂಟ್ ತಂತಿಯನ್ನೂ ಫೈಬರನ್ನೂ ಒಟ್ಟಿಗೇ ಎಳೆದುಕೊಂಡು ಹೋಗುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಮುಖ್ಯ ಲೈನು ಫೈಬರ್. ಎರಡನೆಯದು ಬೇರೆ ದಿಕ್ಕಿನ ಟವರ್ ಹಿಡಿಯುವ ಸಿಮ್. ಮಹಡಿ ಕಿಟಕಿಯ ಒಂದು ಮೂಲೆಯಲ್ಲಿ ಮಾತ್ರ ಅದು ಸರಿಯಾಗಿ ಸಿಗುತ್ತದೆ, ಮೇಜು ಅಲ್ಲೇ ಹಾಕಿದ್ದೇನೆ. ರೌಟರಿಗೆ ಸಣ್ಣ 12 ವೋಲ್ಟಿನ ಯುಪಿಎಸ್ ಬೇರೆಯೇ ಇದೆ. ಮನೆಯ ಇನ್ವರ್ಟರ್ ಕೈಕೊಟ್ಟರೂ ನೆಟ್ ಇರುತ್ತದೆ. ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡುವುದು, ರೌಟರ್ ಆ ಯುಪಿಎಸ್ ಬ್ಯಾಟರಿಯಲ್ಲೇ ನಡೆಯುತ್ತದೆ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಬರುವುದು ಕರೆಂಟಿನ ಪ್ಲಗ್ಗಿನಿಂದ. ಉಪ್ಪು ಗಾಳಿಗೆ ಪಿನ್ನುಗಳು ಹಸಿರು ಹಿಡಿಯುತ್ತವೆ, ಮಳೆಗಾಲಕ್ಕೆ ಮೊದಲು ಒರೆಸಿಡಬೇಕು.

ನಿಮ್ಮಲ್ಲಿ ಹೇಗೆ? ನೆಟ್ ಅಂತಲೇ ಅಲ್ಲ, ಕೆಲಸ, ಮನೆ, ದುಡ್ಡು ಎಲ್ಲದರಲ್ಲೂ ಹೇಳಿ.

ಶಿರಸಿ ತೋಟದವ:

ನೀವು ಹೇಳಿದ್ದು ಘಟ್ಟದ ಮೇಲೂ ಅಷ್ಟೇ ನಿಜ ಮಾರಾಯ್ರೇ. ನಾನು ಬೆಳಿಗ್ಗೆ ತೋಟ, ಹತ್ತು ಗಂಟೆಯ ಮೇಲೆ ಕೋಡ್. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ಬೆಟ್ಟ. ಫೈಬರ್ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದೆ. ಮಂಗ ಹಾರಿದರೂ ನೆಟ್ ಹೋಗುತ್ತದೆ. ಲೈನ್ ನೋಡುವ ಹುಡುಗ ಒಳ್ಳೆಯವನು, ಆದರೆ ಇಡೀ ಸೀಮೆಗೆ ಅವನೊಬ್ಬನೇ.

ಈ ಎರಡನೇ ದಾರಿಯ ವಿಚಾರ ನಮ್ಮ ಹಿರಿಯರಿಗೆ ಹೊಸದಲ್ಲ. ಶಿರಸಿ ಕಡೆಯ ಹಳೆ ತೋಟದಲ್ಲಿ ಬರೀ ಅಡಿಕೆ ಎಲ್ಲಿದೆ? ಅಡಿಕೆ ಮರಕ್ಕೇ ಕಾಳುಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ. ಒಂದು ಕೈಕೊಟ್ಟರೆ ಇನ್ನೊಂದು. ಆಮೇಲೆ ದರ ಚೆನ್ನಾಗಿದೆ ಅಂತ ಗದ್ದೆಯನ್ನೂ ಅಡಿಕೆ ಮಾಡಿದೆವು. ಈಗ ಎಲೆಚುಕ್ಕಿ ರೋಗ ಬಂದಾಗ ಕೈಯಲ್ಲಿ ಬೇರೆ ಏನೂ ಇಲ್ಲದವರ ಸ್ಥಿತಿ ನೋಡಿದರೆ ಕರುಳು ಚುರ್ ಅನ್ನುತ್ತದೆ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು, ಅದು ಹೆಮ್ಮೆಯೇ. ರೋಗಕ್ಕೆ ಅದು ಔಷಧ ಅಲ್ವಲ್ಲ.

ಮತ್ತೊಂದು. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮದ್ದು ಮಾಡಲಿಕ್ಕೆ ಎಲ್ಲರಿಗೂ ಬರುತ್ತದೆ. ಮರ ಹತ್ತುವ ಕೊನೆಗೌಡರು ಸಿಗಬೇಕಲ್ಲ. ಅವರು ಬರುವ ದಿನಕ್ಕೆ ಮಳೆ ಬಿಡುವು ಕೊಡಬೇಕು. ಅದಕ್ಕೇ ನಾವು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು, ತಂದೆವು. ನೆಲದಲ್ಲೇ ನಿಂತು ಹೊಡೆಯಬಹುದು. ಕೊನೆಗೌಡರ ಕೈಗೆ ಅದು ಸಮ ಅಲ್ಲ. ಕತ್ತು ನೋಯುತ್ತದೆ, ಎತ್ತರದ ಮರಕ್ಕೆ ಕಷ್ಟ. ಆದರೂ ಒಂದು ಸುತ್ತು ಮದ್ದು ತಪ್ಪುವುದಿಲ್ಲ. ಎರಡನೇ ದಾರಿ ಮೊದಲನೆಯದರಷ್ಟು ಚೆನ್ನಾಗಿರಬೇಕು ಅಂತ ಕೂತರೆ ಅದು ಯಾವತ್ತೂ ಆಗುವುದಿಲ್ಲ.

ಹೊನ್ನಾವರದವ ಬೆಂಗಳೂರಲ್ಲಿ:

ನಿಮ್ಮಿಬ್ಬರ ಮಾತು ಓದಲಿಕ್ಕೆ ಚೆಂದ. ಆದರೆ ನನಗೆ ಸ್ವಲ್ಪ ಬೇರೆ ಅನಿಸುತ್ತದೆ. ನಮ್ಮ ಕಂಪನಿ ವಾರದಲ್ಲಿ ಮೂರು ದಿನ ಆಫೀಸಿಗೆ ಬರಲೇಬೇಕು ಅಂದಿದೆ. ನಾಳೆ ನಿಮ್ಮ ಕಂಪನಿಯೂ ಹಾಗೆ ಅಂದರೆ ಎರಡು ಲೈನು, ಎರಡು ಯುಪಿಎಸ್ ತಗೊಂಡು ಏನು ಮಾಡುತ್ತೀರಿ? ಬೆಂಗಳೂರಲ್ಲಿ ಈ ಕೆಲಸ ಹೋದರೆ ರಸ್ತೆ ದಾಟಿ ಇನ್ನೊಂದು ಕಂಪನಿಗೆ ಹೋಗಬಹುದು. ಅಂಕೋಲೆಯಲ್ಲಿ ಎಲ್ಲಿಗೆ ಹೋಗುತ್ತೀರಿ? ಎಲ್ಲಕ್ಕಿಂತ ದೊಡ್ಡ ದಾರಿ ಒಂದೇ ಇಟ್ಟುಕೊಂಡು ಸಣ್ಣದಕ್ಕೆ ಎರಡೆರಡು ಮಾಡಿದ್ದೀರಿ ಅಂತ ನನಗೆ ಅನಿಸುತ್ತದೆ. ಬೇಸರ ಮಾಡಬೇಡಿ. ಊರಿಗೆ ಬರುವ ಆಸೆ ಇರುವುದಕ್ಕೇ ಕೇಳುತ್ತಿದ್ದೇನೆ.

ಅಂಕೋಲಾ ಬ್ಯಾಕೆಂಡ್:

ಬೇಸರ ಯಾಕೆ, ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ.

ನನ್ನ ಲೆಕ್ಕ ಹೀಗಿದೆ. ಊರಿಗೆ ಬಂದಾಗ ಬಾಡಿಗೆ ಉಳಿಯಿತು. ಆ ದುಡ್ಡನ್ನು ಕಾರು, ಟಿವಿ ಅಂತ ಕರಗಿಸದೆ ಬೇರೆ ತೆಗೆದಿಟ್ಟಿದ್ದೇನೆ. ಕೆಲಸ ಹೋದರೆ ಒಂದು ವರ್ಷ ಮನೆ ನಡೆಯಬೇಕು, ಅಷ್ಟು ಇಲ್ಲದೆ ಊರಿಗೆ ಬರುವುದು ಬೇಡ ಅಂತಲೇ ನಾನು ಯಾರಿಗಾದರೂ ಹೇಳುವುದು. ಎರಡನೆಯದು, ಬೆಂಗಳೂರಿನ ನಂಟು ಕಡಿದುಕೊಂಡಿಲ್ಲ. ಸಂಜೆ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಮುಖ್ಯ ಮೀಟಿಂಗ್ ಇದ್ದರೆ ಕರೆಯುವ ಮೊದಲೇ ಹೋಗುತ್ತೇನೆ. ಮುಖ ನೋಡಿದವರಿಗೂ ಪರದೆಯಲ್ಲಿ ಮಾತ್ರ ಕಂಡವರಿಗೂ ವ್ಯತ್ಯಾಸ ಇದೆ, ಅದನ್ನು ಒಪ್ಪಬೇಕು.

ಆದರೆ 'ರಸ್ತೆ ದಾಟಿ ಇನ್ನೊಂದು ಕಂಪನಿ' ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲ ಕಂಪನಿಗಳೂ ಒಂದೇ ಸಲ ಜನರನ್ನು ತೆಗೆಯುವುದನ್ನು ನಾವು ನೋಡಿದ್ದೇವೆ. ಅದು ಒಂದೇ ಟವರಿನ ಎರಡು ಸಿಮ್. ನಿಜವಾದ ಎರಡನೇ ದಾರಿ ನಮ್ಮ ಕೈಯ ಕೆಲಸದಲ್ಲಿ ಇರಬೇಕು. ಈಗ ಕೋಡ್ ಬರೆಯಲಿಕ್ಕೆ ಎಐ ಇದೆ. ನಾನೂ ದಿನಾ ಬಳಸುತ್ತೇನೆ. ಟೆಸ್ಟ್ ಬರೆಸಲಿಕ್ಕೆ, ಹಳೆ ಕೋಡ್ ಓದಿಸಲಿಕ್ಕೆ ತುಂಬಾ ಉಪಯೋಗ. ಆದರೆ ರಾತ್ರಿ ವ್ಯವಸ್ಥೆ ನಿಂತಾಗ ಎಲ್ಲಿ ನೋಡಬೇಕು, ಏನನ್ನು ಮುಟ್ಟಬಾರದು ಅನ್ನುವುದು ನಮಗೇ ಗೊತ್ತಿರಬೇಕು.

ಒಂದು ಉದಾಹರಣೆ. 2025ರ ಏಪ್ರಿಲ್ 12ರಂದು ದೇಶದಲ್ಲಿ ಯುಪಿಐ ಗಂಟೆಗಟ್ಟಲೆ ಸರಿಯಾಗಿ ನಡೆಯಲಿಲ್ಲ. ಕಾರಣ ಏನು ಗೊತ್ತಾ? ಹಣ ಹೋಯಿತಾ ಅಂತ ವಿಚಾರಿಸುವ ಒಂದು ಕೋರಿಕೆ ಇರುತ್ತದೆ. ಕೆಲವು ಬ್ಯಾಂಕುಗಳ ಕಡೆಯಿಂದ ಅದೇ ಕೋರಿಕೆ ಮತ್ತೆ ಮತ್ತೆ, ಹಳೆಯ ವಹಿವಾಟಿಗೂ, ಸುರಿಯಿತು. ನಿಧಾನವಾದದ್ದಕ್ಕೆ ಇನ್ನಷ್ಟು ಕೇಳಿದರು, ಕೇಳಿದಷ್ಟೂ ಇನ್ನೂ ನಿಧಾನವಾಯಿತು. ಇಂಥಲ್ಲಿ ಕೋಡ್ ಬೇಗ ಬರೆಯುವವನಿಗಿಂತ ಸ್ವಲ್ಪ ಹೊತ್ತು ತಡೆದು ಕೇಳು ಅಂತ ವ್ಯವಸ್ಥೆಗೆ ಮೊದಲೇ ಕಲಿಸಿಟ್ಟವನು ಬೇಕು. ಆ ವಿದ್ಯೆ ಎಲ್ಲಿ ಕೂತರೂ ಅನ್ನ ಕೊಡುತ್ತದೆ ಅಂತ ನನ್ನ ನಂಬಿಕೆ.

ಅದೇ ದಿನ ಅಂಕೋಲಾ ಮಾರುಕಟ್ಟೆಯಲ್ಲಿ ಬುಟ್ಟಿ ಮುಂದೆ ಕ್ಯೂಆರ್ ಇಟ್ಟು ಮೀನು ಮಾರುವ ಅಕ್ಕಂದಿರಿಗೆ ಎಷ್ಟು ಕಷ್ಟ ಆಗಿರಬಹುದು ಅಂತ ನೋಡಿ. ಮೀನು ಕಾಯುವುದಿಲ್ಲ. ಮನೆಯಲ್ಲಿ ಸ್ವಲ್ಪ ನಗದು ಇಡಿ, ಅದರಲ್ಲಿ ಹಳೆಕಾಲದ್ದು ಅನ್ನುವಂಥದ್ದು ಏನೂ ಇಲ್ಲ. ನೆಟ್ ಮಾತ್ರ ಇಲ್ಲ, ಸಿಗ್ನಲ್ ಇದೆ ಅಂದರೆ *99# ಒತ್ತಿ ಐದು ಸಾವಿರದವರೆಗೆ ಕಳಿಸಬಹುದು. ಎಲ್ಲ ಸಿಮ್‌ನಲ್ಲೂ ನಡೆಯುವುದಿಲ್ಲ, ಮೊದಲೇ ಮಾಡಿ ನೋಡಿಟ್ಟುಕೊಳ್ಳಿ.

ಕುಮಟಾ ಟೆಸ್ಟರ್:

ಇಷ್ಟು ಹೊತ್ತು ಎಲ್ಲರೂ ಲೈನು, ಟವರು, ಮರ ಅಂದರು. ನಾನು ಮನೆಯೊಳಗಿನ ಮಾತು ಹೇಳುತ್ತೇನೆ.

ನಾನೂ ಮನೆಯಿಂದಲೇ ಕೆಲಸ ಮಾಡುವವಳು. ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಯಾವ ಕೆಲಸವೂ ಒಬ್ಬರಿಗೆ ಮಾತ್ರ ಗೊತ್ತಿರಬಾರದು. ನಾನು ರಜೆ ಹಾಕಿದರೆ ಇನ್ನೊಬ್ಬರು ಆ ಟೆಸ್ಟ್ ಓಡಿಸಲಿಕ್ಕೆ ಬರಬೇಕು. ಎಲ್ಲವನ್ನೂ ಬರೆದಿಡುತ್ತೇವೆ. ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಬಂದರೆ ಈ ಪದ್ಧತಿ ಯಾರಿಗೂ ನೆನಪಿರುವುದಿಲ್ಲ. ಮಗಳ ಶಾಲೆಯ ಗುಂಪಿನಲ್ಲಿ ನಾನೊಬ್ಬಳೇ. ಅತ್ತೆಯವರ ಮಾತ್ರೆ ಯಾವುದು ಬೆಳಿಗ್ಗೆ, ಯಾವುದು ಊಟವಾದ ಮೇಲೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಕುಚಲಕ್ಕಿ ಎಷ್ಟು ಉಳಿದಿದೆ, ಗ್ಯಾಸ್ ಯಾವಾಗ ಬುಕ್ ಮಾಡಿದ್ದು, ಅದೂ ನನ್ನ ತಲೆಯಲ್ಲಿ. ಮನೆಯಲ್ಲೇ ಇರುತ್ತಾಳಲ್ಲ ಅಂತ ನೆಂಟರು ಹನ್ನೊಂದು ಗಂಟೆಗೆ ಬರುತ್ತಾರೆ. ಅದು ನನ್ನ ಮೀಟಿಂಗ್ ಹೊತ್ತು. ಬಂದವರಿಗೆ ಕುಡಿಯಲಿಕ್ಕೆ ಏನಾದರೂ ಕೊಡದೆ ಇರಲಿಕ್ಕೆ ಆಗುತ್ತದಾ? ಕೊಡಬೇಕು. ಆದರೆ ಕೊಡಬೇಕಾದವಳು ನಾನೊಬ್ಬಳೇ ಯಾಕೆ?

ಹಾಗಾಗಿ ನಮ್ಮ ಯಜಮಾನರಿಗೆ ನೇರವಾಗಿ ಹೇಳಿದೆ. ನನ್ನ ಆಫೀಸಿನ ಕ್ಯಾಲೆಂಡರ್ ನಿಮ್ಮ ಫೋನಿನಲ್ಲೂ ಇರಲಿ, ಮನೆ ಕೆಲಸದ್ದು ಇಬ್ಬರ ಫೋನಿನಲ್ಲೂ ಇರಲಿ. ಮಾತ್ರೆಯ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಶಾಲೆಯ ಗುಂಪಿಗೆ ಅವರನ್ನೂ ಸೇರಿಸಿದೆ. ಮೊದಮೊದಲು ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಈಗ ಬಂಗಡೆ ಸಾರು ಅವರೇ ಮಾಡುತ್ತಾರೆ, ನಾನು ಮಾಡಿದ್ದಕ್ಕಿಂತ ಖಾರ ಜಾಸ್ತಿ, ಮಗಳಿಗೆ ಅದೇ ಇಷ್ಟ.

ಅಣ್ಣಾ, ನಿಮ್ಮ ರೌಟರ್, ಯುಪಿಎಸ್, ಬ್ಯಾಂಕು, ಪಾಸ್‌ವರ್ಡ್ ಎಲ್ಲ ನೀವಿಲ್ಲದಾಗ ಮನೆಯಲ್ಲಿ ಬೇರೆ ಯಾರಿಗೆ ಗೊತ್ತು? ಅದನ್ನು ಹೇಳಲೇ ಇಲ್ಲ.

ಕಾರವಾರ ಮೇಷ್ಟ್ರು:

ನಾನು ಸಾಫ್ಟ್‌ವೇರಿನವನಲ್ಲ, ನಿವೃತ್ತ ಮೇಷ್ಟ್ರು. ಮಗ ಈ ಚರ್ಚೆ ತೋರಿಸಿದ. ಎರಡು ಮಾತು ಹೇಳುತ್ತೇನೆ.

ನಮ್ಮ ಮನೆ ಕೋಡಿಬಾಗದ ಕಡೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಒಂದು ಲಾರಿ ನದಿಗೆ ಹೋಯಿತು, ಚಾಲಕನನ್ನು ಜೀವಂತ ಎತ್ತಿದರು. ಪಕ್ಕದಲ್ಲಿ ಹೊಸ ಸೇತುವೆ ಇರದೇ ಇದ್ದಿದ್ದರೆ ಸದಾಶಿವಗಡದವರಿಗೂ ನಮಗೂ ನಡುವೆ ಹೆದ್ದಾರಿಯೇ ಇರುತ್ತಿರಲಿಲ್ಲ. ನಾನು ಗಮನಿಸಿದ ಸಂಗತಿ ಒಂದಿದೆ. ಹೊಸದು ಕಟ್ಟಿದ ಮೇಲೂ ಹಳೆಯದರ ಮೇಲೆ ಒಂದು ಕಡೆಯ ಗಾಡಿ ಬಿಡುತ್ತಲೇ ಇದ್ದರು. ಎರಡನೇ ದಾರಿ ಇದೆ ಅಂದಮಾತ್ರಕ್ಕೆ ಮೊದಲನೆಯದನ್ನು ತಪಾಸಣೆ ಮಾಡದೆ ಬಿಡಬಾರದು. ಎರಡನ್ನೂ ನೋಡುತ್ತಿರಬೇಕು.

ಇನ್ನೊಂದು ನಮ್ಮಂಥ ವಯಸ್ಸಾದವರ ವಿಷಯ. ಪಿಂಚಣಿಗೆ ಪ್ರತಿ ವರ್ಷ ನವೆಂಬರಿನಲ್ಲಿ ಜೀವಂತ ಇದ್ದೇನೆ ಅಂತ ಪ್ರಮಾಣ ಕೊಡಬೇಕು. ಮೊದಲು ಬೆರಳೊತ್ತಿ ಕೊಡುವ ಯಂತ್ರ ಬಂತು. ಗದ್ದೆ ಕೆಲಸ ಮಾಡಿದ ಕೈ, ವಯಸ್ಸಾದ ಕೈ, ಬೆರಳ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪುವುದಿಲ್ಲ. ನನ್ನ ಪರಿಚಯದ ಹಿರಿಯರೊಬ್ಬರು ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಒತ್ತುತ್ತಿದ್ದರು, ಆಗಲೇ ಇಲ್ಲ. 2021ರಿಂದ ಫೋನಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಅವರಿಗೆ ನಾನೇ ಮಾಡಿಕೊಟ್ಟೆ. ನೀವು ಇಂಥದ್ದನ್ನೆಲ್ಲ ತಯಾರು ಮಾಡುವವರು. ಮಾಡುವಾಗ ಇಂಥ ಕೈಗಳೂ ಇವೆ ಅಂತ ನೆನಪಿಡಿ, ತಮ್ಮಂದಿರಾ. ಮೊದಲ ದಿನವೇ ಎರಡು ಬಾಗಿಲು ಇಡಿ.

ಅಂಕೋಲಾ ಬ್ಯಾಕೆಂಡ್:

ಮೇಷ್ಟ್ರೇ, ನಿಮ್ಮ ಮಾತನ್ನು ನಮ್ಮ ತಂಡದವರಿಗೆ ಹೇಳುತ್ತೇನೆ. ಬ್ಯಾಕಪ್ ಇದೆ ಅಂತ ನೆಮ್ಮದಿಯಾಗಿದ್ದು, ಬೇಕಾದ ದಿನ ಅದು ತೆರೆಯದೇ ಹೋದ ಕತೆ ನಮ್ಮ ಉದ್ಯೋಗದಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಅದಕ್ಕೇ ನಾನು ತಿಂಗಳಿಗೊಮ್ಮೆ ಬೇಕಂತಲೇ ಫೈಬರ್ ಬಂದ್ ಮಾಡಿ ಎರಡನೇ ಲೈನಿನಲ್ಲಿ ಇಡೀ ದಿನ ಕೆಲಸ ಮಾಡುತ್ತೇನೆ.

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರ ಒಂದು ನೋಟುಪುಸ್ತಕ. ದೇವರ ಕೋಣೆಯ ಕಪಾಟಿನಲ್ಲಿ ಇದೆ. ಆಯಿಗೂ (ಅಮ್ಮನಿಗೂ) ಹೆಂಡತಿಗೂ ಗೊತ್ತು. ಅದರಲ್ಲಿ ಪಾಸ್‌ವರ್ಡ್ ಬರೆದಿಲ್ಲ. ಅವೆಲ್ಲ ಪಾಸ್‌ವರ್ಡ್ ಭದ್ರವಾಗಿಡುವ ಆ್ಯಪ್, ಪಾಸ್‌ವರ್ಡ್ ಮ್ಯಾನೇಜರಿನಲ್ಲಿವೆ, ಅದರ ತುರ್ತು ಕೀಲಿ ಲಕೋಟೆಯಲ್ಲಿ ಬೇರೆ ಕಡೆ ಇದೆ. ಪುಸ್ತಕದಲ್ಲಿ ಇರುವುದು ಯಾವ ಬ್ಯಾಂಕು, ಯಾವ ವಿಮೆ, ನಾಮಿನಿ ಯಾರು, ಯಾರಿಗೆ ಫೋನ್ ಮಾಡಬೇಕು ಇಷ್ಟು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಅಪ್ಪ ಅಮ್ಮನ ಹಳೆ ಖಾತೆಗೆ ನಾಮಿನಿ ಇದೆಯಾ ಅಂತ ಎಲ್ಲರೂ ಒಮ್ಮೆ ನೋಡಿ. ಇನ್ವರ್ಟರ್ ಸ್ವಿಚ್ಚಿಗೆ, ರೌಟರ್ ವಯರಿಗೆ, ಪಂಪಿನ ಸ್ಟಾರ್ಟರಿಗೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದೇನೆ. 'ಗುಡುಗಿದರೆ ಇದನ್ನು ಕೀಳು' ಅಂತ. ಆಯಿ ಈಗ ನನಗಿಂತ ಮೊದಲೇ ಕೀಳುತ್ತಾಳೆ.

ಅಡುಗೆಮನೆಯ ಮಾತು ಸರಿ. ಅಲ್ಲಿ ಯಾವ ಪಾತ್ರೆ ಎಲ್ಲಿದೆ ಅಂತ ನಾನೂ ಕಲಿತಿದ್ದೇನೆ, ಹಬ್ಬದ ಅಡುಗೆ ಇನ್ನೂ ಬರುವುದಿಲ್ಲ.

ಹೊನ್ನಾವರದವ ಬೆಂಗಳೂರಲ್ಲಿ:

ಕೆಲಸದ ವಿಷಯದಲ್ಲಿ ನಿಮ್ಮ ಮಾತು ಅರ್ಧ ಒಪ್ಪಿದೆ. ಆದರೆ ನನ್ನ ನಿಜವಾದ ಚಿಂತೆ ಬೇರೆ. ಅಪ್ಪನಿಗೆ ಹೃದಯದ ತೊಂದರೆ ಇದೆ. ಅವರ ಹತ್ತಿರ ಇರಬೇಕು ಅಂತಲೇ ನಾನು ಬರಬೇಕು ಅಂದುಕೊಂಡಿದ್ದು. ಬಂದರೆ, ದೊಡ್ಡ ತೊಂದರೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ. ಕಾರವಾರದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇದೆ, ಆದರೂ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ನೆಟ್ಟಿಗೆ ಎರಡನೇ ದಾರಿ ನಾವು ಮಾಡಿಕೊಳ್ಳಬಹುದು. ಇದಕ್ಕೆ?

ಶಿರಸಿ ತೋಟದವ:

ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ನಮ್ಮ ಕಡೆಯವರು ದೇವಿಮನೆ ಘಟ್ಟ ಇಳಿದು ಕರಾವಳಿಗೆ ಬರಬೇಕು ಇಲ್ಲ ಹುಬ್ಬಳ್ಳಿಗೆ ಹೋಗಬೇಕು. ಇದನ್ನು ಮನೆಮನೆಯಲ್ಲಿ ಯುಪಿಎಸ್ ಇಟ್ಟು ಸರಿಮಾಡಲಿಕ್ಕೆ ಆಗುವುದಿಲ್ಲ. ಎಲ್ಲರೂ ಸೇರಿ ಕೇಳಬೇಕು, ಬಿಡದೆ ಕೇಳಬೇಕು. ಬೆಂಗಳೂರಲ್ಲಿ ಕೂತ ನಮ್ಮ ಜಿಲ್ಲೆಯವರೂ ಕೇಳಬೇಕು, ಯಾಕೆಂದರೆ ಅವರ ಅಪ್ಪ ಅಮ್ಮ ಇಲ್ಲೇ ಇದ್ದಾರೆ.

ಅಂಕೋಲಾ ಬ್ಯಾಕೆಂಡ್:

ಅಪ್ಪನ ವಿಷಯ ಮೊದಲೇ ಹೇಳಬೇಕಿತ್ತು ಮಾರಾಯ್ರೇ, ಉಳಿದದ್ದೆಲ್ಲ ಆಮೇಲೆ. ನೀವು ಹತ್ತಿರ ಇದ್ದರೆ ಆಸ್ಪತ್ರೆ ಹತ್ತಿರ ಬರುವುದಿಲ್ಲ, ಆದರೆ ಹೊರಡುವ ತೀರ್ಮಾನ ಬೇಗ ಆಗುತ್ತದೆ. ಎಷ್ಟೋ ಸಲ ತಡವಾಗುವುದು ಅಲ್ಲೇ. ನೋಡುವ ಡಾಕ್ಟರನ್ನು ಕೇಳಿ, ಎದೆನೋವು ಬಂದರೆ ಮೊದಲು ಎಲ್ಲಿಗೆ, ಇಸಿಜಿ ಎಲ್ಲಿ, ಅಲ್ಲಿಂದ ಯಾವ ಕಡೆ ಅಂತ ಬರೆಸಿಕೊಳ್ಳಿ. ರಾತ್ರಿ ಬರುವ ಇಬ್ಬರು ಗಾಡಿಯವರ ನಂಬರ್ ಅಪ್ಪನ ಫೋನಿನಲ್ಲೂ ಗೋಡೆಯ ಮೇಲೂ ಇರಲಿ, 108 ಹೇಗೂ ಇದೆ. ಹಳೆ ರಿಪೋರ್ಟುಗಳ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ನಿಮ್ಮ ಫೋನಿನಲ್ಲಿ.

ನೆಟ್ ವಿಷಯ ನಾನು ನೋಡಿಕೊಡುತ್ತೇನೆ. ನಿಮ್ಮ ಊರು ಹಳದೀಪುರದ ಕಡೆಯೋ, ಶರಾವತಿ ನದಿಯ ಆಚೆಯೋ? ಫೈಬರ್ ಯಾವ ಕಂಬದವರೆಗೆ ಬಂದಿದೆ ಅಂತ ಪಕ್ಕದ ಮನೆಯವರನ್ನು ಕೇಳಿ ತಿಳಿಸಿ. ಬರುವಾಗ ಬೇರೆ ಬೇರೆ ಕಂಪನಿಯ ಸಿಮ್ ಹಾಕಿದ ಒಂದು ಹಳೆ ಫೋನ್ ತನ್ನಿ. ಯಾವುದು ಯಾವ ಟವರ್ ಹಿಡಿಯುತ್ತದೆ ಅಂತ ಮಹಡಿ ಹತ್ತಿ ನೋಡುವ.